ಮೊದಲ ತುಂಡು

ಮಾರ್ಚ್ 3, ಸೋಮವಾರ

ತೂಕ 86.

ಇಂದಿನಿಂದ ಬ್ರೆಡ್ ಇಲ್ಲ, ಅನ್ನ ಇಲ್ಲ, ಆಲೂಗಡ್ಡೆ ಇಲ್ಲ, ಸಕ್ಕರೆ ಇಲ್ಲ. ಮೊಟ್ಟೆ, ಮಾಂಸ, ಸೊಪ್ಪು, ಚೀಸ್ ಎಷ್ಟು ಬೇಕಾದರೂ ಆಗಬಹುದು. ಪಕ್ಕದ ಅಂಗಡಿಯ ಟೈಲರಮ್ಮ ಹೀಗೆ ಮಾಡಿಯೇ ಕಳೆದ ವರ್ಷ ತನ್ನ ಬಟ್ಟೆಗಳನ್ನೆಲ್ಲ ಎರಡು ಸಲ ಬಿಗಿ ಮಾಡಿಕೊಂಡಳು. ಬ್ರೆಡ್ಡೊಂದು ಬಿಟ್ಟರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಇಳಿಯುತ್ತದೆ ಎಂದಳು. ಹೇಳುತ್ತಿರುವುದು ಬೇಕರಿಯವಳಿಗೆ ಎಂದು ಆಮೇಲೆ ಹೊಳೆದು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದಿನಾ ತೂಕ ಬರೆದಿಡು ಎಂದವಳೂ ಅವಳೇ. ಹಾಗಾಗಿ ಈ ಪುಸ್ತಕ.

ಕ್ಲಿನಿಕ್ಕಿನ ನರ್ಸ್ ರಕ್ತಪರೀಕ್ಷೆಯ ಚೀಟಿ ನೋಡಿ, ಸಕ್ಕರೆ ಗಡಿಯ ಮೇಲೆ ನಿಂತಿದೆ, ಒಂದೆಂಟು ಕೆಜಿ ಇಳಿಸಿದರೆ ಹಿಂದೆ ಸರಿಯಬಹುದು ಎಂದಿದ್ದಾರೆ. ಅಪ್ಪನಿಗೂ ಇದೇ ವಯಸ್ಸಿನಲ್ಲಿ ಶುರುವಾದದ್ದು. ಒಂದು ಕಾಲು ಕತ್ತರಿಸಬೇಕಾಯಿತು, ಕೊನೆಯ ನಾಲ್ಕು ವರ್ಷ ಅವರು ಉಳಿದ ಒಂದೇ ಕಾಲಿನಲ್ಲಿ ನಿಂತು ಈ ಬೇಕರಿ ನಡೆಸಿದರು.

ಅಕ್ಕನಿಗೆ ಹೇಳಿಲ್ಲ. ಬ್ರೆಡ್ ಮಾಡುವವಳ ಮುಂದೆ ನಿಂತು, ಇನ್ನು ಮೇಲೆ ನಿನ್ನ ಬ್ರೆಡ್ ವಿಷ ಎಂದು ಹೇಗೆ ಹೇಳಲಿ?

ಮಾರ್ಚ್ 4, ಮಂಗಳವಾರ

ತೂಕ 86.

ಮೊದಲ ತುಂಡಿನ ವಿಷಯ ಯೋಚಿಸಿಯೇ ಇರಲಿಲ್ಲ.

ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಭಟ್ಟಿಯಿಂದ ಹೊರಬಂದ ಮೊದಲ ಬ್ರೆಡ್ ಆರಿದ ಮೇಲೆ ಕೊಯ್ದು, ಒಂದು ತುಂಡನ್ನು ಏನೂ ಸವರದೆ, ನಿಂತುಕೊಂಡೇ ತಿಂದು ನೋಡಬೇಕು. ನಾದಿದವರು ತಿನ್ನುವ ಹಾಗಿಲ್ಲ. ನಾದಿದವರಿಗೆ ತಮ್ಮ ಕೆಲಸ ಯಾವಾಗಲೂ ರುಚಿಯಾಗಿಯೇ ಇರುತ್ತದೆ ಎನ್ನುವುದು ಅಪ್ಪನ ವಾದ. ಅಕ್ಕ ನಾದುತ್ತಾಳೆ, ನಾನು ತಿನ್ನುತ್ತೇನೆ. ಒಂಬತ್ತು ವರ್ಷದವಳಿದ್ದಾಗಿನಿಂದ ತಿನ್ನುತ್ತಿದ್ದೇನೆ. ಆಗಲೇ ಅಪ್ಪ ನನಗೆ ‘ನಾಲಿಗೆ’ ಎಂದು ಅಡ್ಡಹೆಸರಿಟ್ಟರು. ಅಕ್ಕ ಈಗಲೂ ಹಾಗೆಯೇ ಕರೆಯುತ್ತಾಳೆ. ನಾನು ‘ಹೋಗ್ಲಿ’ ಎಂದರೆ ಶಟರ್ ಮೇಲೆ ಹೋಗುತ್ತದೆ. ಅನ್ನುವ ತನಕ ಒಂದು ಬ್ರೆಡ್ಡೂ ಹೊರಗೆ ಹೋಗುವುದಿಲ್ಲ.

ಇಂದು ಬಾಯಲ್ಲಿಟ್ಟು ಅಗಿದು, ಅಕ್ಕ ಆಚೆ ತಿರುಗಿದಾಗ ಕರವಸ್ತ್ರಕ್ಕೆ ಉಗಿದೆ. ಸ್ವಲ್ಪ ಹೊತ್ತಿಗೆಲ್ಲ ಹಿಟ್ಟಿನ ಮೂಟೆಗಳ ಹಿಂದೆ ನಿಂತು ಅದೇ ಬ್ರೆಡ್ಡಿನ ಅರ್ಧವನ್ನು ಮುಗಿಸಿದ್ದೆ. ಬೆಣ್ಣೆ ಕೂಡ ಇಲ್ಲದೆ. ಒಮ್ಮೆ ರುಚಿ ತೋರಿಸಿದರೆ ಬಾಯಿ ನನ್ನ ಮಾತು ಕೇಳುವುದಿಲ್ಲ.

ಮಾರ್ಚ್ 5, ಬುಧವಾರ

ತೂಕ 85.5.

ಕಿಟಕಿಯ ಕಡೆ ತಿರುಗಿದೆ. ತುಂಡು ಏಪ್ರನ್ ಜೇಬಿಗೆ ಹೋಯಿತು. ಬರಿಬಾಯಿ ಅಗಿದು ‘ಹೋಗ್ಲಿ’ ಎಂದೆ. ಆಮೇಲೆ ಹಿತ್ತಲಿಗೆ ಹೋಗಿ ಪಾರಿವಾಳಗಳಿಗೆ ಹಾಕಿದೆ. ಇಷ್ಟು ಸಲೀಸಾಗಿ ಆಗಬಾರದಿತ್ತು.

ಅಕ್ಕ ವರ್ಷದಲ್ಲಿ ಎರಡು ಮೂರು ಸಲ ಉಪ್ಪು ಹಾಕುವುದನ್ನು ಮರೆಯುತ್ತಾಳೆ, ಅದೂ ಮಾತಾಡುತ್ತಾ ನಾದಿದರೆ ಮಾತ್ರ. ಅವಳಿಗೆ ಇದು ಗೊತ್ತಿಲ್ಲ. ಅಮ್ಮನಿಗೆ ಮರೆವಿನ ಕಾಯಿಲೆ ಬಂದ ಮೇಲೆ ನಾನು ಅಕ್ಕನ ಮುಂದೆ ‘ಮರೆತೆ’ ಎಂಬ ಪದವನ್ನೇ ಬಿಟ್ಟೆ. ಉಪ್ಪಿಲ್ಲದ ಹಿಟ್ಟು ಅತಿಯಾಗಿ ಉಬ್ಬುತ್ತದೆ. ಹಾಗಾಗಿ ‘ಈಸ್ಟ್ ಸರಿ ಇಲ್ಲ’ ಎಂದುಬಿಡುತ್ತೇನೆ. ಆ ದಿನದ್ದನ್ನೆಲ್ಲ ಹೋಳು ಮಾಡಿ, ಬೆಣ್ಣೆ ಉಪ್ಪು ಸವರಿ, ರಸ್ಕ್ ಮಾಡಿ ಮಾರುತ್ತೇವೆ. ಅಕ್ಕ ಈಸ್ಟಿನವನಿಗೆ ಫೋನ್ ಮಾಡಿ ಬಯ್ಯುತ್ತಾಳೆ. ಪಾಪ, ಅವನು ಪ್ರತಿ ಸಲವೂ ಕ್ಷಮೆ ಕೇಳುತ್ತಾನೆ.

ಇನ್ನು ಮೇಲೆ ಅವಳು ನಾದುವಾಗ ಪಕ್ಕದಲ್ಲೇ ನಿಂತರಾಯಿತು.

ಮಾರ್ಚ್ 15, ಶನಿವಾರ

ತೂಕ 82.

ಟೈಲರಮ್ಮ ಟೇಪು ತಂದು ನನ್ನ ಸೊಂಟ ಅಳೆದು ಚಪ್ಪಾಳೆ ತಟ್ಟಿದಳು. ಹಾಲಿನವನು, ಕ್ಷೌರದ ಅಂಗಡಿಯವರು, ಎಲ್ಲರೂ ಗಮನಿಸಿದ್ದಾರೆ. ಅಕ್ಕನೂ, ಏನೇ ನಾಲಿಗೆ, ಕೆನ್ನೆ ಎಲ್ಲಿ ಬಿಟ್ಟು ಬಂದೆ ಎಂದಳು. ಮಧ್ಯಾಹ್ನದ ಊಟ ಕಡಿಮೆ ಮಾಡಿದ್ದೇನೆ ಎಂದೆ. ಅದೂ ಸುಳ್ಳಲ್ಲ.

ಮೊದಲ ವಾರದ ತಲೆನೋವು ಹೋಗಿದೆ. ಸಿಟ್ಟು ಹೋಗಿಲ್ಲ. ನಮ್ಮವರು ಬಸ್ ಡಿಪೋದಿಂದ ಬಂದು ಊಟಕ್ಕೆ ಕೂತರೆ ನಾನು ಎದ್ದು ಹೋಗುತ್ತೇನೆ. ಅವರ ತಟ್ಟೆ ನೋಡಲು ಆಗುವುದಿಲ್ಲ. ನಿನ್ನೆ ಅವರು, “ಮನೇಲೇ ಹೋಟ್ಲಲ್ಲಿ ಒಬ್ಬನೇ ಕೂತು ಉಂಡ ಹಾಗಿದೆ, ಬಿಲ್ ಒಂದು ಬರಲ್ಲ ಅಷ್ಟೇ” ಎಂದರು. ನಗಲಿ ಎಂದು ಹೇಳಿದ್ದು. ನನಗೆ ನಗು ಬರಲಿಲ್ಲ.

ಮಾರ್ಚ್ 27, ಗುರುವಾರ

ತೂಕ 79.5.

ನಿದ್ದೆ ಬರುತ್ತಿಲ್ಲ. ಮೀನಖಂಡ ಹಿಡಿದುಕೊಳ್ಳುತ್ತದೆ. ಅಂಕಿ ಮಾತ್ರ ಇಳಿಯುತ್ತಿದೆ, ಆದ್ದರಿಂದ ಮುಂದುವರಿಸುತ್ತೇನೆ.

ಅಕ್ಕ ನಾದುವಾಗ ಪಕ್ಕದಲ್ಲಿ ನಿಲ್ಲುವುದು ಮೂರೇ ದಿನಕ್ಕೆ ನಿಂತಿತು. ಹಸಿ ಹಿಟ್ಟಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ.

ಪಾರಿವಾಳಗಳು ಈಗ ಹೊತ್ತಿಗೆ ಸರಿಯಾಗಿ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಕೂತಿರುತ್ತವೆ. ನಾನು ಬಾಗಿಲು ತೆಗೆದರೆ ಸಾಕು, ಕಾಲ ಬಳಿ ಇಳಿಯುತ್ತವೆ. ಎಲ್ಲರಿಗಿಂತ ಮೊದಲು ಇವಕ್ಕೆ ಗೊತ್ತಾಗುತ್ತದೆ, ಇವತ್ತಿನ ಬ್ರೆಡ್ ಹೇಗಿದೆ ಎಂದು.

ಏಪ್ರಿಲ್ 2, ಬುಧವಾರ

ತೂಕ ನೋಡಲಿಲ್ಲ. ಇಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಮೊದಲ ಬ್ರೆಡ್ ಅಚ್ಚು ಮೀರಿ ಉಬ್ಬಿತ್ತು. ಮೇಲ್ಭಾಗ ಬಿಳಚಿಕೊಂಡಿತ್ತು. ನೋಡಿದೆ. ಬೇರೆ ಯಾವ ದಿನವಾದರೂ ಅಷ್ಟು ಸಾಕಿತ್ತು. ನಾನು ಬೇಯಿಸಿದ ಮೊಟ್ಟೆಗಳ ಬಗ್ಗೆ ಯೋಚಿಸುತ್ತಿದ್ದೆ. ತುಂಡು ಜೇಬಿಗೆ ಹೋಯಿತು. ‘ಹೋಗ್ಲಿ’ ಎಂದೆ. ಆಸ್ಪತ್ರೆಯ ಗಾಡಿ ಬಂದು ಅವರ ಪಾಲಿನದ್ದನ್ನು ತುಂಬಿಸಿಕೊಂಡು ಹೋಯಿತು.

ತಿಂಡಿಯ ಹೊತ್ತು ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಅಡುಗೆಮನೆಯವರ ಫೋನ್. ಅಕ್ಕ ಸ್ಪೀಕರಿಗೆ ಹಾಕಿದಳು. “ಏನಮ್ಮಾ, ಇಡೀ ಆಸ್ಪತ್ರೆಗೇ ಬಿಪಿ ಅಂತ ತಿಳ್ಕೊಂಡ್ರಾ?” ಎಂದು ಕೇಳಿದರು. ಅವರು ನಗುತ್ತಲೇ ಕೇಳಿದ್ದು.

ಅಕ್ಕ ಕಪಾಟಿನಿಂದ ಒಂದು ಬ್ರೆಡ್ ತೆಗೆದು ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ, ಮೇಲಿನ ಹಲಗೆಯ ಕಡೆ ನೋಡಿದಳು. ಉಪ್ಪಿನ ಬಟ್ಟಲು ಅಲ್ಲೇ ಇತ್ತು. ಅಳೆದು, ಮಟ್ಟಸ ಮಾಡಿ, ಹಾಗೆಯೇ ಇಟ್ಟಿದ್ದಳು.

“ನಿನಗೆ ಗೊತ್ತಾಗ್ಲಿಲ್ವಾ?” ಎಂದಳು.

“ನೆಗಡಿ ಅಕ್ಕ. ಎರಡು ದಿನದಿಂದ ರುಚಿನೇ ಗೊತ್ತಾಗ್ತಿಲ್ಲ.”

ಬಾಯಿಗೆ ಬಂದದ್ದು ಅದು. ಅಕ್ಕ ತಲೆಯಾಡಿಸಿದಳು. ಆಮೇಲೆ ಅಂಗಡಿಯಲ್ಲಿ ಜನ ಕಾಯುತ್ತಿದ್ದರೂ ಒಳಗೆ ಹೋಗಿ, ಇಲ್ಲದ ನೆಗಡಿಗೆ ನೀರು ಕಾಯಿಸಿ, ಲೋಟದ ಮೇಲೆ ತಟ್ಟೆ ಮುಚ್ಚಿ ತಂದುಕೊಟ್ಟಳು. ನಾನು ಅದನ್ನು ಪೂರ್ತಿ ಕುಡಿದೆ.

ಏಪ್ರಿಲ್ 5, ಶನಿವಾರ

ಅಕ್ಕ ಉಪ್ಪಿನ ಡಬ್ಬವನ್ನು ಹಲಗೆಯಿಂದ ಇಳಿಸಿ ನಾದುವ ಮೇಜಿನ ನಟ್ಟನಡುವೆ ಇಟ್ಟುಕೊಂಡಿದ್ದಾಳೆ. ಅದರ ಸುತ್ತ ನಾದುತ್ತಾಳೆ. ತುಟಿ ಅಲ್ಲಾಡುತ್ತಿರುತ್ತದೆ: ಹಿಟ್ಟು, ನೀರು, ಈಸ್ಟ್, ಉಪ್ಪು. ನಾನು ಏನಾದರೂ ಮಾತಾಡಲು ಹೋದರೆ ಕೈ ಎತ್ತಿ ತಡೆಯುತ್ತಾಳೆ.

ಇಂದು ಅಂಗಡಿ ಮುಚ್ಚುವಾಗ, “ಅಮ್ಮಂದೂ ಹಿಂಗೇ ಅಲ್ವಾ ಶುರುವಾಗಿದ್ದು?” ಎಂದಳು.

ಅಮ್ಮನದು ನೀರು ಹಾಕದೆ ಒಲೆಯ ಮೇಲಿಟ್ಟ ಕೆಟಲ್ಲಿನಿಂದ ಶುರುವಾಯಿತು. ಅದರ ಮರುವರ್ಷ ಅಮ್ಮ ಅಕ್ಕನನ್ನು, ಅಂಗಡಿಯಮ್ಮಾ, ನಿಮ್ಮ ಮನೆ ಯಾವ ಕಡೆ ಎಂದು ಕೇಳಿದ್ದರು. ಕೊನೆಯ ತನಕ ಅಮ್ಮನಿಗೆ ಸ್ನಾನ ಮಾಡಿಸಿದವಳು ಅಕ್ಕ. ಅವಳು ಈ ಬೇಕರಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವವಳು.

ಆಗಲೇ ಹೇಳಬಹುದಿತ್ತು. ಅಕ್ಕ, ನೀನು ಹೋದ ನವೆಂಬರಿನಲ್ಲೂ ಮರೆತಿದ್ದೆ, ಅದಕ್ಕೂ ಮೊದಲೂ ಮರೆತಿದ್ದೆ, ಇದೇನು ಹೊಸದಲ್ಲ. ಆದರೆ ಅಷ್ಟು ಹೇಳಿದರೆ, ಈ ಸಲ ಮಾತ್ರ ಏಕೆ ಹಿಡಿಯಲಿಲ್ಲ ಎಂದು ಕೇಳುತ್ತಾಳೆ. ನೆಗಡಿ ಎಂಬ ಸುಳ್ಳಿನ ಹಿಂದೆ ಒಂದು ತಿಂಗಳ ಸುಳ್ಳು ಇದೆ.

‘ಹಾಗೇನಿಲ್ಲ ಬಿಡು’ ಎಂದೆ. ಜೇಬಿನಲ್ಲಿ ಬೆಳಗಿನ ತುಂಡು ಇನ್ನೂ ಇತ್ತು. ಇಂದು ಹಿತ್ತಲಿಗೆ ಹೋಗಲು ಧೈರ್ಯ ಬಂದಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ತೂಕ 79.

ಆಸ್ಪತ್ರೆಯ ಬ್ರೆಡ್ಡನ್ನು ಇನ್ನು ನಾನೇ ತಲುಪಿಸುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಹೋಗಿ ಮುಖ ತೋರಿಸಿ ಕ್ಷಮೆ ಕೇಳಿದ ಹಾಗೂ ಆಗುತ್ತದೆ ಎಂದೆ. ನಿಜವೆಂದರೆ ಬೆಳಗಿನ ಹೊತ್ತು ಅವಳ ಪಕ್ಕ ನಿಲ್ಲಲು ಆಗುತ್ತಿಲ್ಲ. ತಳ್ಳುಗಾಡಿ ಹಳೆಯದು, ಒಂದು ಚಕ್ರ ಕಿರುಗುಟ್ಟುತ್ತದೆ. ಆಸ್ಪತ್ರೆಯ ರಸ್ತೆ ಪೂರಾ ಏರು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮಂಡಿ ಬೆಂಕಿ.

ಒಳ್ಳೆಯದೇ ಆಯಿತು. ಏನಾದರೂ ಒಂದು ನೋಯಬೇಕಿತ್ತು.

ಏಪ್ರಿಲ್ 13, ಭಾನುವಾರ

ತೂಕ 82.5.

ನಿನ್ನೆ ಸಂಜೆ ಉಗ್ರಾಣದಲ್ಲಿ ಉಳಿದಿದ್ದ ಬನ್ನುಗಳನ್ನು ತಿಂದೆ. ಎಷ್ಟು ಎಂದು ಬರೆಯುವುದಿಲ್ಲ. ಮೊದಲನೆಯದರ ರುಚಿ ನೆನಪಿದೆ, ಮಿಕ್ಕಿದ್ದು ನೆನಪಿಲ್ಲ. ಇಂದು ಅಂಗಡಿಗೆ ರಜಾ. ಮನೆಯಲ್ಲಿ ಜಾಮಿನ ಬಾಟಲಿಗೆ ಚಮಚ ಹಾಕಿ ಕೂತೆ. ನಮ್ಮವರು ನೋಡಿ, ಬಾಟಲಿಯ ಮುಚ್ಚಳ ಹುಡುಕಿ ಪಕ್ಕಕ್ಕೆ ತಂದಿಟ್ಟು ಹೋದರು.

ಮೂರು ವಾರದಲ್ಲಿ ಇಳಿದದ್ದು ಎರಡು ದಿನದಲ್ಲಿ ಹತ್ತಿತು. ಅಕ್ಕನಿಗೆ ಅಷ್ಟು ದೊಡ್ಡ ಭಯ ತಂದಿಟ್ಟು ಗಳಿಸಿದ್ದು ಇದು. ಇದೂ ಉಳಿಯಲಿಲ್ಲ.

ಏಪ್ರಿಲ್ 16, ಬುಧವಾರ

ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಎಲ್ಲ ಕೇಳಿದರು, ಬನ್ನಿನವರೆಗೂ ಹೇಳಿದೆ. ಬಯ್ಯಲಿಲ್ಲ. ಮೊದಲು ಸರಸರ ಇಳಿದದ್ದರಲ್ಲಿ ಎಷ್ಟೋ ಬರೀ ನೀರು, ಈಗ ಹತ್ತಿರುವುದರಲ್ಲೂ ಎಷ್ಟೋ ಬರೀ ನೀರು ಎಂದರು. ಅನ್ನ ಬ್ರೆಡ್ ಬಿಡುವುದು ಕೆಲವರಿಗೆ ಒಗ್ಗುತ್ತದೆ, ವರ್ಷಗಟ್ಟಲೆ ಹಾಗೇ ಇರುವವರನ್ನೂ ನೋಡಿದ್ದೇನೆ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, “ನೀವು ಎಪ್ಪತ್ತು ವರ್ಷ ಆಗೋ ತನಕ ಹೀಗೇ ತಿಂತೀರಾ?” ಎಂದು ಕೇಳಿದರು.

ಬೇಕರಿಯವಳು ನಾನು. ನಕ್ಕುಬಿಟ್ಟೆ.

“ಹಾಗಾದ್ರೆ ಎಪ್ಪತ್ತರಲ್ಲೂ ಮಾಡೋಕಾಗೋದನ್ನ ಇವತ್ತು ಶುರು ಮಾಡಿ.”

ಹೊತ್ತಿಗೆ ಸರಿಯಾಗಿ ಊಟ, ತಟ್ಟೆಯಲ್ಲಿ ಅರ್ಧ ತರಕಾರಿ, ಬ್ರೆಡ್ ತಿಂದರೆ ಒಂದು ತುಂಡು, ಅದನ್ನೂ ಅಗಿದು, ಕದ್ದು ಅಲ್ಲ. ಬೇಗ ಮಲಗುವುದು. ನಡೆಯುವುದು. ಇಷ್ಟೇನಾ ಎಂದು ಕೇಳಬೇಕೆನಿಸಿತು. ಇದು ಯಾರಿಗೆ ಗೊತ್ತಿಲ್ಲ? ದಿನಾ ನಡೆಯುತ್ತೀರಾ ಎಂದು ಕೇಳಿದರು. ಇಲ್ಲ, ಎಲ್ಲಿ ಪುರುಸೊತ್ತು, ಆಸ್ಪತ್ರೆಗೆ ಗಾಡಿ ತಳ್ಳುವುದೇ ಆಗುತ್ತದೆ ಎಂದೆ. ಅವರು ಗಾಡಿಯದ್ದನ್ನೂ ಬರೆದುಕೊಂಡರು.

ನಿರಾಸೆಯಿಂದಲೇ ವಾಪಸು ಬಂದೆ.

ಏಪ್ರಿಲ್ 22, ಮಂಗಳವಾರ

ಅಕ್ಕ ಮರೆವಿನ ಡಾಕ್ಟರ ಬಳಿ ಹೆಸರು ಬರೆಸಿ ಬಂದಿದ್ದಾಳೆ. ಮುಂದಿನ ತಿಂಗಳಿಗೆ ಸಿಕ್ಕಿದೆ. ಅಷ್ಟೇ ಅಲ್ಲ. ಈ ತಿಂಗಳ ಕೊನೆಗೆ ನಾದುವುದನ್ನು ನಿಲ್ಲಿಸುತ್ತಾಳಂತೆ. ಭಟ್ಟಿ ಕೊಳ್ಳುವವರನ್ನು ಹುಡುಕಲು ಹಿಟ್ಟಿನ ವ್ಯಾಪಾರಿಗೆ ಹೇಳಿದ್ದಾಳೆ. ಬೇರೆಯವರನ್ನು ನಾದಲು ಇಟ್ಟುಕೊಳ್ಳೋಣ ಎಂದರೆ ಒಪ್ಪಲಿಲ್ಲ.

“ಜನರ ಬಾಯಿಗೆ ಹೋಗೋ ಕೆಲಸ ಇದು. ನನ್ನ ಕೈಮೇಲೆ ನಂಗೇ ನಂಬಿಕೆ ಇಲ್ಲ ಅಂದ್ಮೇಲೆ ಮುಗೀತು. ಇವತ್ತು ಉಪ್ಪು ಬಿಟ್ಟೆ. ನಾಳೆ ಗ್ಯಾಸ್ ಬಿಟ್ಟು ಮೇಲೆ ಹೋಗಿ ಮಲಗ್ತೀನಿ.”

ಕಣ್ಣ ಕೆಳಗೆ ಕಪ್ಪಾಗಿದೆ. ಇಳಿದಿರುವುದು ನಾನಲ್ಲ, ಅವಳು.

ನಾಳೆ ಹೇಳುತ್ತೇನೆ.

ಏಪ್ರಿಲ್ 23, ಬುಧವಾರ

ಹೇಳಲಿಲ್ಲ.

ಏಪ್ರಿಲ್ 24, ಗುರುವಾರ

ಹೇಳಲಿಲ್ಲ. ಅಕ್ಕ ಭಟ್ಟಿಯ ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಹೆಣ್ಣು ನೋಡಲು ಬರುವವರಿಗೆ ಸಿದ್ಧ ಮಾಡುವ ಹಾಗೆ.

ಬೆಳಗ್ಗೆ ತುಂಡು ಬಾಯಿಯ ತನಕ ಬಂದಿತ್ತು. ಬನ್ನುಗಳ ನೆನಪಾಗಿ ಹೆದರಿಕೊಂಡೆ. ಜೇಬಿಗೇ ಹೋಯಿತು.

ಏಪ್ರಿಲ್ 25, ಶುಕ್ರವಾರ

ಅಕ್ಕ ಕೊಯ್ದುಕೊಟ್ಟಳು. ಕಿಟಕಿಯ ಕಡೆ ತಿರುಗಿದೆ. ಅಗಿದೆ. ‘ಹೋಗ್ಲಿ’ ಎಂದೆ.

ಶಟರಿನ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಸರಪಳಿ ಹಿಡಿದು ಹಾಗೆಯೇ ನಿಂತಿದ್ದಳು. ಅದನ್ನು ಬಿಟ್ಟು ಬಂದು ಇನ್ನೊಂದು ತುಂಡು ಕೊಯ್ದಳು.

“ಈ ಕಡೆ ತಿರುಗಿ ತಿನ್ನು.”

ಬಾಯಲ್ಲಿಟ್ಟೆ. ನೆನೆದ ಕಾಗದದ ಹಾಗಿತ್ತು. ಅಗಿದಷ್ಟೂ ಏನೂ ಇಲ್ಲ.

“ಉಪ್ಪಿಲ್ಲ,” ಎಂದೆ.

“ಇಲ್ಲ. ಇದೊಂದಕ್ಕೆ ಬೇಕಂತಲೇ ಹಾಕಿಲ್ಲ. ಮಿಕ್ಕಿದ್ದಕ್ಕೆಲ್ಲ ಹಾಕಿದೀನಿ.” ಹಿತ್ತಲ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. “ನಮ್ಮ ಹಿತ್ತಲಿಗೆ ಅಷ್ಟು ಪಾರಿವಾಳ ಯಾಕೆ ಬರ್ತವೆ ಅಂತ ಮೇಲಿನ ಕಿಟಕೀಲಿ ನಿಂತು ನೋಡಿದೆ. ಅದನ್ನೂ ನನ್ನ ತಲೆಯೇ ಕಟ್ಕೊಂಡಿದ್ದು ಅನ್ಕೊಂಡೆ ಮೊದ್ಲು.”

ಎಲ್ಲ ಹೇಳಿದೆ. ಸಕ್ಕರೆಯ ಕಾಯಿಲೆಯ ಗಡಿ, ಟೈಲರಮ್ಮ, ಮೂಟೆಗಳ ಹಿಂದಿನ ಅರ್ಧ ಬ್ರೆಡ್, ಇಲ್ಲದ ನೆಗಡಿ. ಈಸ್ಟಿನದ್ದನ್ನೂ ಹೇಳಿದೆ. ಅವಳು ಮೊದಲಿನಿಂದಲೂ ಮರೆಯುತ್ತಿದ್ದಳು, ಈಗಲೂ ಅಷ್ಟೇ ಮರೆಯುತ್ತಾಳೆ, ಹಿಡಿಯುವವಳು ಕಾವಲು ಬಿಟ್ಟಳು, ಅಷ್ಟೇ ಆದದ್ದು ಎಂದೆ.

ಅಕ್ಕ ಹಿಟ್ಟಿನ ಮೂಟೆಯ ಮೇಲೆ ಕೂತಳು. “ಹಾಗಾದ್ರೆ ನಂಗೇನೂ ಆಗಿಲ್ಲ,” ಎಂದಳು. ಆಮೇಲೆ, “ಎಂಟು ವರ್ಷ ಆ ಈಸ್ಟಿನವನಿಗೆ ಬೈದಿದೀನಲ್ಲೇ” ಎಂದು ಒಂದು ಸಲ ನಕ್ಕಳು. ನಾನೂ ನಗಲು ಹೋದೆ. ಅಷ್ಟರಲ್ಲಿ ಅವಳ ಮುಖ ಬದಲಾಗಿತ್ತು.

“ಮೂರು ವಾರ ನಾನು ಅಮ್ಮನ ಥರ ಆಗ್ತಿದೀನಿ ಅಂತ ಹಾಸಿಗೇಲಿ ಎದ್ದು ಕೂತಿದ್ದೆ. ನೀನು ನೋಡ್ತಾ ಇದ್ದೆ.”

ಅವಳೇ ಎದ್ದು ಶಟರ್ ಎತ್ತಿದಳು.

ಏಪ್ರಿಲ್ 30, ಬುಧವಾರ

ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಭಟ್ಟಿ ಮಾರುವ ಮಾತೂ ಇಲ್ಲ, ಅಷ್ಟೇ ಸಮಾಧಾನ. ನನ್ನನ್ನು ‘ನಾಲಿಗೆ’ ಎನ್ನುವುದನ್ನು ಬಿಟ್ಟಿದ್ದಾಳೆ. ‘ನೋಡು’, ‘ಇಲ್ಲಿ’ ಎನ್ನುತ್ತಾಳೆ.

ಮೊದಲ ತುಂಡನ್ನು ಈಗ ಅವಳೇ ತಿನ್ನುತ್ತಾಳೆ. ನಾದಿದ ಕೈಯಲ್ಲೇ. ಅಪ್ಪ ಇದ್ದಿದ್ದರೆ ಅವಳಿಗೆ ಬಯ್ಯುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು.

ಗಾಡಿ ತಳ್ಳಿದೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಹೂವಿನ ಕುಂಡಗಳನ್ನು ಇಟ್ಟಿದ್ದಾರೆ, ಕೂರಲು ಜಾಗವಿಲ್ಲ. ಇಟ್ಟು ಎಷ್ಟು ದಿನವಾಯಿತೋ, ನಾನು ನೋಡಿದ್ದು ಇಂದು.

ಮೇ 8, ಗುರುವಾರ

ಹೇಳದೆ ಕೇಳದೆ ಅಕ್ಕ ಇಂದು ಗಾಡಿಯ ಇನ್ನೊಂದು ಹಿಡಿಗೆ ಕೈ ಹಾಕಿದಳು. ಆಸ್ಪತ್ರೆಯವರ ಮುಖ ತಾನೂ ನೋಡಿ ಬರಬೇಕಂತೆ. ಏರಿನಲ್ಲಿ ಅವಳಿಗೆ ಏದುಸಿರು ಬಂತು. ನಿಂತು ಕಾದೆ. ಅವಳಿಗೆ ವಯಸ್ಸಾಯಿತು ಎನಿಸಿ ಕಸಿವಿಸಿಯಾಯಿತು. ನನಗಿಂತ ನಾಲ್ಕೇ ವರ್ಷ ದೊಡ್ಡವಳು.

ಈಸ್ಟಿನವನಿಗೆ ನಿನ್ನೆ ಒಂದು ಕೇಕ್ ಕೊಟ್ಟಳಂತೆ. ಯಾಕಮ್ಮಾ ಎಂದನಂತೆ. ಸುಮ್ನೆ ಎಂದಳಂತೆ. ಅವನು ಹೆದರಿಕೊಂಡು, ಈ ಸಲದ ಈಸ್ಟ್ ಸರಿ ಇಲ್ವಾ ಎಂದು ಕೇಳಿದನಂತೆ.

ಹದಿನಾರಕ್ಕೆ ಮರೆವಿನ ಡಾಕ್ಟರ ಬಳಿ ಹೋಗಲೇಬೇಕು, ನೀನೂ ಬಾ ಎಂದಳು.

ಮೇ 16, ಶುಕ್ರವಾರ

ಗಡಿಯಾರ ಬರೆಸಿದರು, ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ವಯಸ್ಸಿಗೆ ತಕ್ಕ ಹಾಗೆ ಇದೆ, ಮುಂದಿನ ವರ್ಷ ಮತ್ತೊಮ್ಮೆ ಬನ್ನಿ ಎಂದರು. ಹೊರಗೆ ಬಂದು ಅಕ್ಕ ಎಲ್ಲ ಪದಗಳನ್ನೂ ನನಗೆ ಇನ್ನೊಮ್ಮೆ ಒಪ್ಪಿಸಿದಳು. ನನಗೆ ಮೂರೇ ನೆನಪಿದ್ದವು. ಅವಳಿಗೆ ಹೇಳಲಿಲ್ಲ. ಆಮೇಲೆ, ಹೇಳಿದೆ.

ಮೇ 20, ಮಂಗಳವಾರ

ಬೆಳಗ್ಗೆ ಮೇಜಿನ ಮೇಲೆ ತಟ್ಟೆಯಲ್ಲಿ ಒಂದು ತುಂಡು ಇತ್ತು. ಅಕ್ಕ ಬೆನ್ನು ಮಾಡಿ ಅಚ್ಚು ಉಜ್ಜುತ್ತಿದ್ದಳು. ತಿನ್ನು ಎನ್ನಲಿಲ್ಲ.

ಕಿಟಕಿಗೆ ಬೆನ್ನು ಹಾಕಿ ನಿಂತೆ. ಮೊದಲು ಅಂಚು, ಕಂದಿದ ಸಕ್ಕರೆಯ ಹಾಗೆ ತುಸು ಕಹಿ. ಆಮೇಲೆ ಒಳಗಿನ ಮೆತ್ತನೆ, ಹುಳಿ ಇದೆಯೋ ಇಲ್ಲವೋ ಎನ್ನುವಷ್ಟು. ನುಂಗಿದ ಮೇಲೆ ನಾಲಿಗೆಯ ಬದಿಯಲ್ಲಿ ಉಪ್ಪು ನಿಂತಿತು. ಅದು ಕರಗುವ ತನಕ ಕಾದೆ. ಒಂದು ತುಂಡು, ಅಷ್ಟೇ. ಮೂಟೆಗಳ ಹಿಂದಕ್ಕೆ ಹೋಗಬೇಕೆನಿಸಲಿಲ್ಲ. ಹೋಗುತ್ತೇನೇನೋ ಎಂದು ಮಧ್ಯಾಹ್ನದವರೆಗೂ ಹೆದರಿಕೊಂಡೇ ಇದ್ದೆ.

‘ಹೋಗ್ಲಿ’ ಎಂದೆ. ಶಟರ್ ಮೇಲೆ ಹೋಯಿತು.

ಜೂನ್ 18, ಬುಧವಾರ

ಟೈಲರಮ್ಮ ಬಿಗಿ ಮಾಡಿಕೊಂಡಿದ್ದ ಹೊಲಿಗೆಗಳನ್ನು ಬಿಚ್ಚುತ್ತಾ ಕೂತಿದ್ದಳು. ನನ್ನನ್ನು ನೋಡಿ ಬಟ್ಟೆಯನ್ನು ಮೇಜಿನ ಕೆಳಗೆ ಸರಿಸಿದಳು. ನೋಡಲಿಲ್ಲವೆಂಬಂತೆ ಪಕ್ಕದಲ್ಲೇ ಕೂತೆ. ನಿನ್ನ ತೂಕ ಈಗ ಎಷ್ಟು ಎಂದು ಕೇಳಿದಳು. ತಕ್ಷಣ ಹೇಳಲು ಆಗಲಿಲ್ಲ. ತೂಕದ ಯಂತ್ರ ಎಲ್ಲಿದೆಯೋ, ಮಂಚದ ಕೆಳಗಿರಬೇಕು. ಸಂಜೆ ಊಟವಾದ ಮೇಲೆ ನಮ್ಮವರ ಜತೆ ಮಾತಾಡುತ್ತಾ ಕೂತರೆ ಕಣ್ಣು ಎಳೆಯುತ್ತದೆ, ಹುಡುಕುವವರು ಯಾರು?

ಏಪ್ರನ್ನಿನ ದಾರ ಹಿಂದೆ ಗಂಟಾಗುತ್ತಿದ್ದದ್ದು ಈಗ ಸುತ್ತಿ ಬಂದು ಮುಂದೆ ಗಂಟಾಗುತ್ತಿದೆ. ತುದಿ ಹಿಟ್ಟಿನಲ್ಲಿ ಅದ್ದಿಹೋಗುತ್ತದೆ, ಕಿರಿಕಿರಿ. ಕತ್ತರಿಸಬೇಕು.

ಜುಲೈ 8, ಮಂಗಳವಾರ

ನಸುಕಿನಲ್ಲಿ ನಾದುವಾಗ ಅಕ್ಕ ಈಸ್ಟಿನವನ ಮಗಳ ಮದುವೆಯ ಕತೆ ಹೇಳುತ್ತಿದ್ದಳು. ಹುಡುಗನ ಕಡೆಯವರು ದಾರಿ ತಪ್ಪಿ ಬೇರೆ ಮದುವೆಗೆ ಹೋಗಿ ಉಂಡು ಬಂದರಂತೆ. ಇಬ್ಬರೂ ನಕ್ಕು ಸಾಕಾದೆವು.

ಮೊದಲ ಬ್ರೆಡ್ ಅಚ್ಚು ಮೀರಿ ಉಬ್ಬಿತ್ತು. ತುಂಡು ಬಾಯಲ್ಲಿಟ್ಟು ಅಗಿದು, ಇನ್ನೂ ಸ್ವಲ್ಪ ಅಗಿದೆ. ನನ್ನ ನಾಲಿಗೆಯೇ ತಪ್ಪಾಗಿರಲಿ ಎಂದು ಮೊದಲ ಸಲ ಬೇಡಿಕೊಂಡೆ.

“ಬೇಡ,” ಎಂದೆ.

ಅಕ್ಕ ಸರಪಳಿ ಹಿಡಿದವಳು ಕೈ ಬಿಡಲಿಲ್ಲ. “ಈಸ್ಟಾ?” ಎಂದಳು.

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಅವಳ ಮುಖವೂ ಅದನ್ನೇ ಕೇಳುತ್ತಿತ್ತು.

“ಅಲ್ಲ ಅಕ್ಕ. ಉಪ್ಪು.”

ಇಬ್ಬರೂ ಬಟ್ಟಲ ಕಡೆ ನೋಡಿದೆವು. ಅಳೆದು, ಮಟ್ಟಸ ಮಾಡಿ ಇಟ್ಟದ್ದು ಹಾಗೆಯೇ ಇತ್ತು. ಹೊರಗೆ ಯಾರೋ ಶಟರ್ ತಟ್ಟಿದರು. ಇವತ್ತು ತಡ ಎಂದು ನಾನು ಒಳಗಿನಿಂದಲೇ ಕೂಗಿದೆ.

ಅಕ್ಕ ಸರಪಳಿ ಬಿಟ್ಟು ಮೇಜಿನ ಬಳಿ ಬಂದಳು. ರಸ್ಕಿಗೆ ತಟ್ಟೆಗಳನ್ನು ಜೋಡಿಸತೊಡಗಿದಳು. ನಾನು ಬೆಣ್ಣೆ ಕರಗಲು ಇಟ್ಟೆ. ಹಿತ್ತಲ ಗೋಡೆಯ ಮೇಲೆ ಎರಡು ಪಾರಿವಾಳ ಇನ್ನೂ ಬಂದು ಕೂರುತ್ತವೆ, ಅಭ್ಯಾಸ ಬಿಟ್ಟಿಲ್ಲ.

“ನಾಳೇನೂ ತಿಂತೀಯಲ್ವಾ?” ಎಂದಳು, ತಲೆ ಎತ್ತದೆ.

“ತಿಂತೀನಿ.”

“ಜೇಬು ತೋರ್ಸು.”

ಜೇಬನ್ನು ಒಳಗಿನಿಂದ ಹೊರಕ್ಕೆ ಮಗುಚಿ ತೋರಿಸಿದೆ. ಒಂದಿಷ್ಟು ಹಿಟ್ಟು ಉದುರಿತು. ಅಕ್ಕ ಅದನ್ನು ನೋಡಿ, ಬೆರಳಿನಿಂದ ಮೇಜಿನ ಅಂಚಿಗೆ ಸವರಿ, ಕೈ ಚಾಚಿದಳು.

“ಆ ಚಾಕು ಕೊಡು, ನಾಲಿಗೆ.”